ಚಾಕೊಲೇಟ್–ವೆನಿಲ್ಲಾ ಪೋರ್ಟರ್: ಮೊದಲು ಗ್ಲಾಸಿನಲ್ಲಿ, ಆಮೇಲೆ ಟ್ಯಾಂಕಿನಲ್ಲಿ

ಇದು ಮಂಗಳೂರಿನ ಪರವಾನಗಿ ಇರುವ ಮೈಕ್ರೋಬ್ರೂವರಿಯೊಂದರ 500 ಲೀಟರ್ ಬ್ಯಾಚಿನ ದಾಖಲೆ. ಮನೆಯಲ್ಲಿ ಬೀರ್ ಕಾಯಿಸುವುದಕ್ಕೆ ಇದನ್ನು ಆಧಾರ ಮಾಡಿಕೊಳ್ಳಬೇಡಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಆದರೆ ರುಚಿ ನೋಡಿ ಅಳತೆ ನಿರ್ಧರಿಸುವ ಭಾಗಕ್ಕೆ ಬ್ರೂವರಿಯೇ ಬೇಕೆಂದಿಲ್ಲ. ಅಂಗಡಿಯಿಂದ ತಂದ ಸಾದಾ ಪೋರ್ಟರ್ ಅಥವಾ ಸ್ಟೌಟ್ (ಎರಡೂ ಹುರಿದ ರುಚಿಯ ಕಪ್ಪು ಬೀರುಗಳು), ಒಂದು ಸಿರಿಂಜು, ಐದು ಗ್ಲಾಸು ಇದ್ದರೆ ಸಾಕು.

ಈ ಬೀರಿನಲ್ಲಿ ಕೆಟ್ಟುಹೋಗುವುದು ಬಹುತೇಕ ಒಂದೇ ಜಾಗದಲ್ಲಿ. ಯಾವುದೋ ಪಾಕವಿಧಾನದಲ್ಲಿ ಕಂಡ ಅಳತೆಯ ಕೊಕ್ಕೊ, ವೆನಿಲ್ಲಾವನ್ನು ನೇರ ಟ್ಯಾಂಕಿಗೆ ಸುರಿಯುತ್ತಾರೆ. ಕೊಕ್ಕೊ ಬೀಜ ಒಂದು ತೋಟದ್ದು ಇನ್ನೊಂದರ ಹಾಗಿರುವುದಿಲ್ಲ, ವೆನಿಲ್ಲಾ ಅಂತೂ ಒಂದೇ ಕಟ್ಟಿನೊಳಗೇ ಬೇರೆ ಬೇರೆ. ಹಾಗಾಗಿ ಇಲ್ಲಿ ಟ್ಯಾಂಕಿಗಿಂತ ಗ್ಲಾಸಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮೂಲ ಬೀರ್

ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಮತ್ತು ಓಟ್ಸ್ ಸೇರಿ ಒಟ್ಟು 125 ಕಿಲೋ: ಪೇಲ್ ಮಾಲ್ಟ್ 86, ಮ್ಯೂನಿಕ್ 15, ಕ್ರಿಸ್ಟಲ್ 8, ಚಾಕೊಲೇಟ್ ಮಾಲ್ಟ್ 6.5, ಬ್ರೌನ್ ಮಾಲ್ಟ್ 5.5, ಓಟ್ಸ್ ಅವಲಕ್ಕಿ 4 ಕಿಲೋ. ಚಾಕೊಲೇಟ್ ಮಾಲ್ಟ್‌ನಲ್ಲಿ ಚಾಕೊಲೇಟ್ ಇಲ್ಲ, ಅದು ಕಡು ಕಂದು ಬಣ್ಣಕ್ಕೆ ಹುರಿದ ಬಾರ್ಲಿ ಮಾಲ್ಟ್ ಮಾತ್ರ. ಆದರೂ ಕುಡಿಯುವವರಿಗೆ ಸಿಗುವ ಚಾಕೊಲೇಟಿನ ಭಾವದಲ್ಲಿ ದೊಡ್ಡ ಪಾಲು ಇದರದ್ದೇ. ನಿಬ್ಸ್ (ಹುರಿದು ಸಿಪ್ಪೆ ತೆಗೆದು ಒಡೆದ ಕೊಕ್ಕೊ ಬೀಜದ ಚೂರು) ಅದರ ಮೇಲೆ ಪರಿಮಳ ಕೂರಿಸುತ್ತದೆ, ವೆನಿಲ್ಲಾ ಎರಡನ್ನೂ ಹೊಂದಿಸುತ್ತದೆ. ಮೂಲ ಬೀರಿನಲ್ಲಿ ಈ ಹುರಿದ ರುಚಿ ಇಲ್ಲದಿದ್ದರೆ ನಿಬ್ಸ್ ಎಷ್ಟು ಸುರಿದರೂ ಕೊಕ್ಕೊ ಸಿಪ್ಪೆ ನೆನೆಸಿದ ನೀರಿನ ರುಚಿಯಷ್ಟೇ ಬರುತ್ತದೆ.

ಇದ್ದಲಿನಷ್ಟು ಕಪ್ಪಗೆ ಹುರಿದ ಬ್ಲ್ಯಾಕ್ ಮಾಲ್ಟ್ ಬೇಕೆಂದೇ ಬಿಟ್ಟದ್ದು. 1817ರಲ್ಲಿ ಡೇನಿಯಲ್ ವೀಲರ್ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಲಂಡನ್ನಿನ ಪೋರ್ಟರ್‌ಗಳ ಬಣ್ಣವನ್ನು ಅದೇ ಆಳಿತು, ನಿಜ. ಆದರೆ ಕೊಕ್ಕೊದ ಕಹಿ ಜತೆಗೆ ಸೇರಿದಾಗ ಅದರ ಬೂದಿ ರುಚಿ ಎದ್ದು ಕಾಣುತ್ತದೆ.

ನೀರು: ಕರಾವಳಿಯ ನದಿ ನೀರು ಮೃದು, ಮುರಕಲ್ಲಿನ ಬಾವಿ ನೀರು ಹಲವು ಕಡೆ ಸ್ವಲ್ಪ ಆಮ್ಲೀಯ. ತಿಳಿ ಬೀರಿಗೆ ಇದು ವರ, ಕಪ್ಪು ಬೀರಿಗೆ ತೊಂದರೆ. ಹುರಿದ ಮಾಲ್ಟ್ ತಾನೇ ಆಮ್ಲೀಯ, ಅದನ್ನು ತಡೆಯುವ ಕ್ಷಾರ ನೀರಿನಲ್ಲಿ ಇರುವುದಿಲ್ಲ. ಮ್ಯಾಶ್ (ಒಡೆದ ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸಿದ ಮಿಶ್ರಣ) ಪಿಹೆಚ್ 5.3ಕ್ಕಿಂತ ಕೆಳಗೆ ಹೋದರೆ ಹುರಿದ ರುಚಿ ಹುಳಿ-ಒಗರಾಗಿ ನಾಲಿಗೆಗೆ ಚುಚ್ಚುತ್ತದೆ. ಮ್ಯಾಶ್‌ನ 350 ಲೀಟರ್ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ 65 ಗ್ರಾಂ ಹಾಕಿ ಅಳೆದಾಗ ಬಂದದ್ದು 5.28. ಅಡುಗೆ ಸೋಡಾ 50 ಗ್ರಾಂ ಸೇರಿಸಿದ ಮೇಲೆ 5.40. ಮಾದರಿಯನ್ನು ತಣಿಸಿಯೇ ಅಳೆಯಬೇಕು. ಬಿಸಿ ಮ್ಯಾಶ್‌ಗೆ ಮೀಟರ್ ಅದ್ದಿದರೆ ಓದು ತಪ್ಪುತ್ತದೆ, ಪ್ರೋಬ್ ಕೂಡ ಬೇಗ ಹಾಳು.

ಮ್ಯಾಶ್ 67–68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಇದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಮಾಡಿದರೆ ಯೀಸ್ಟ್ ಎಲ್ಲ ಸಕ್ಕರೆ ತಿಂದು ಬೀರ್ ತೆಳುವಾಗುತ್ತದೆ, ತೆಳು ಬೀರಿನ ಮೇಲೆ ವೆನಿಲ್ಲಾ ಎಸೆನ್ಸಿನ ಹಾಗೆ ತೇಲುತ್ತದೆ. ಕುದಿತ 60 ನಿಮಿಷ. ಶೇ 12 ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಮ್ಯಾಗ್ನಮ್ ಹಾಪ್ಸ್ (ಬೀರಿಗೆ ಹಾಕುವ ಕಹಿ ಹೂವು) 400 ಗ್ರಾಂ ಆರಂಭಕ್ಕೆ, ಕೊನೆಯ 15 ನಿಮಿಷ ಇರುವಾಗ ಶೇ 5ರ ಗೋಲ್ಡಿಂಗ್ಸ್ 500 ಗ್ರಾಂ. ಲೆಕ್ಕದ ಕಹಿ ಸುಮಾರು 28 ಐಬಿಯು. ಪೋರ್ಟರ್‌ಗೆ ಇದು ಹೆಚ್ಚೇನಲ್ಲ, ಆದರೆ ನಿಬ್ಸ್‌ನ ಥಿಯೋಬ್ರೋಮಿನ್ ಕಹಿಗೂ ಜಾಗ ಬಿಡಬೇಕಲ್ಲ. ಆರಂಭದ ಸಾಂದ್ರತೆ 1.058, ಯುಎಸ್-05 ಯೀಸ್ಟ್ 350 ಗ್ರಾಂ, 19 ಡಿಗ್ರಿಯಲ್ಲಿ ಹುದುಗಿಸಿದ್ದು. ನಿಂತದ್ದು 1.017ಕ್ಕೆ. ಆಲ್ಕೋಹಾಲ್ ಶೇ 5.4, ಪಿಹೆಚ್ 4.4. ಈ 4.4 ಬರೆದಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಸುವಾಸನೆ ಸೇರಿಸುವ ಮುಂಚೆ ಡೈಅಸಿಟೈಲ್ (ಹುದುಗುವಾಗ ಹುಟ್ಟುವ ಬೆಣ್ಣೆ ವಾಸನೆಯ ವಸ್ತು) ಪರೀಕ್ಷೆ ಕಡ್ಡಾಯ. ಎರಡು ಮುಚ್ಚಿದ ಬಾಟಲಿಗಳಲ್ಲಿ ಒಂದನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಎರಡನ್ನೂ ಮೂಸಬೇಕು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಯೀಸ್ಟಿನ ಕೆಲಸ ಮುಗಿದಿಲ್ಲ ಎಂದರ್ಥ, ಇನ್ನೆರಡು ದಿನ ಕಾಯಿರಿ. ಬೇರೆ ಬೀರುಗಳಿಗಿಂತ ಇಲ್ಲಿ ಈ ಪರೀಕ್ಷೆ ಮುಖ್ಯ ಏಕೆಂದರೆ ಬೆಣ್ಣೆ ಮತ್ತು ವೆನಿಲ್ಲಾ ಸೇರಿದರೆ ಬಟರ್‌ಸ್ಕಾಚ್. ಟ್ಯಾಂಕಿನಲ್ಲಿ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಕೆಗ್‌ನಲ್ಲಿ (ಬೀರ್ ತುಂಬಿಡುವ ಸ್ಟೀಲ್ ಪೀಪಾಯಿ) ವೆನಿಲ್ಲಾ ತುಸು ಇಳಿದ ಮೇಲೆ ಬರೀ ಹಳಸಿದ ಬೆಣ್ಣೆ ಉಳಿಯುತ್ತದೆ.

ಕೊಕ್ಕೊ: ಬೀಜ ಕತ್ತರಿಸಿ ನೋಡದೆ ಕೊಳ್ಳಬೇಡಿ

ದಕ್ಷಿಣ ಕನ್ನಡದಲ್ಲಿ ಕೊಕ್ಕೊ ಅಡಿಕೆ ತೋಟದ ನೆರಳಿನ ಬೆಳೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಈ ಬೆಳೆಗೊಂದು ನೆಲೆ ಸಿಕ್ಕಿತು. ಆದರೆ ತೋಟದವರು ಹೆಚ್ಚಾಗಿ ಮಾರುವುದು ಹಸಿ ಬೀಜ. ಹುದುಗಿಸಿ ಒಣಗಿಸಿದ ಬೀಜ ಬೇಕೆಂದರೆ ಅದನ್ನು ಸರಿಯಾಗಿ ಮಾಡುವವರನ್ನೇ ಹುಡುಕಬೇಕು.

ಕೊಳ್ಳುವ ಮೊದಲು ಚೀಲದ ಬೇರೆ ಬೇರೆ ಕಡೆಯಿಂದ 50 ಬೀಜ ತೆಗೆದು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು, ನಡುವೆ ಬಿರುಕು ಬಿರುಕಾಗಿದ್ದರೆ ಹುದುಗು ಸರಿಯಾಗಿದೆ. ನೇರಳೆ ಬಣ್ಣ ಕಂಡರೆ ಐದಾರು ದಿನದ ಹುದುಗು ಪೂರ್ತಿ ಆಗಿಲ್ಲ. ಬೂದು ಬಣ್ಣ, ಸ್ಲೇಟಿನ ಹಾಗೆ ಗಟ್ಟಿ ಇದ್ದರೆ ಹುದುಗೇ ಆಗಿಲ್ಲ. ನೇರಳೆ ಬೀಜ ಬಾಯಿ ಒಗರಾಗಿಸುತ್ತದೆ, ಹುರಿದರೂ ಅದು ಹೋಗುವುದಿಲ್ಲ. 50ರಲ್ಲಿ ನಾಲ್ಕೈದು ಇದ್ದರೆ ನಡೆಯುತ್ತದೆ, ಹತ್ತು ದಾಟಿದರೆ ಬೇಡ. ಹಿಡಿ ಬೀಜ ಅಂಗೈಯಲ್ಲಿ ಉಜ್ಜಿ ಮೂಸಿದಾಗ ತೆಳುವಾಗಿ ವಿನೆಗರ್ ವಾಸನೆ ಬರುವುದು ಸಹಜ. ಹೊಗೆ ವಾಸನೆ ಬಂದರೆ ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಿದ ಮಾಲು. ಅದು ಬೀರಿಗೆ ಬಂದರೆ ಸುಟ್ಟ ರಬ್ಬರಿನ ಹಾಗೆ, ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಮುಷ್ಟಿಯಲ್ಲಿ ಹಿಸುಕಿದಾಗ ಸಿಪ್ಪೆ ಚಟಪಟ ಒಡೆಯಬೇಕು. ಮೆತ್ತಗೆ ಬಾಗಿದರೆ ತೇವ ಶೇ 7ಕ್ಕಿಂತ ಹೆಚ್ಚಿದೆ, ಒಳಗೆ ಬೂಸ್ಟು ಹುಡುಕಿ.

ತಂದದ್ದು 4.25 ಕಿಲೋ ಒಣ ಬೀಜ. ಸಿಪ್ಪೆ, ತೇವ, ಕೇರುವಾಗ ಹಾರುವ ಪುಡಿ ಎಲ್ಲ ಕಳೆದು ನಿಬ್ಸ್ 3.2 ಕಿಲೋ ಸಿಕ್ಕಿತು. ಹುರಿದದ್ದು ಓವನ್ ಟ್ರೇಯಲ್ಲಿ, ಒಂದೇ ಪದರ, 130 ಡಿಗ್ರಿ, 25 ನಿಮಿಷ, ನಡುವೆ ಎರಡು ಸಲ ಕೈಯಾಡಿಸಿ. ಮೊದಲ ಹತ್ತು ನಿಮಿಷ ಓವನ್ ಬಾಗಿಲು ತೆರೆದರೆ ಕಣ್ಣಿಗೆ ವಿನೆಗರ್ ಹೊಡೆಯುತ್ತದೆ. ಹದಿನೈದು ದಾಟಿದ ಮೇಲೆ ಒಂದೊಂದು ಬೀಜ ಪಟ್ ಎಂದು ಸಿಡಿಯಲು ತೊಡಗುತ್ತದೆ, ವಾಸನೆ ಕೇಕಿನ ಕಡೆ ತಿರುಗುತ್ತದೆ. ವಿನೆಗರ್ ಪೂರ್ತಿ ಮಾಯವಾಗಿ ಬರೀ ಕೊಕ್ಕೊ ವಾಸನೆ ಬಂದಾಗ ಹೊರಗೆ. ಇನ್ನೂ ಹುರಿದರೆ ಸುಟ್ಟ ಕಾಫಿಯ ಕಡೆ ಹೋಗುತ್ತದೆ, ಅದಕ್ಕೆ ಮಾಲ್ಟ್ ಇದ್ದೇ ಇದೆಯಲ್ಲ.

ಒಡೆಯಲು ಲಟ್ಟಣಿಗೆ, ಕೇರಲು ತಡ್ಪೆ (ಮೊರ). ಮಿಕ್ಸಿ ಬೇಡ, ಪುಡಿಯಾದರೆ ಬಲೆ ಚೀಲದಿಂದ ಜಾರಿ ಟ್ಯಾಂಕಿನ ತಳದಲ್ಲಿ ಕೆಸರಾಗುತ್ತದೆ. ಕೇರಲು ಯಂತ್ರ ತಂದವರೂ ಇದ್ದಾರೆ, ಆದರೆ ಅಡಿಕೆ ಮನೆಯಲ್ಲಿ ತಡ್ಪೆ ಹಿಡಿದು ಬೆಳೆದ ಕೈ ಹತ್ತು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಯಂತ್ರ ಯಾಕೆ ಮಾರಾಯ್ರೆ. ನಿಬ್ಸ್ ತಣಿದ ಕೂಡಲೇ ಗಾಳಿಯಾಡದ ಡಬ್ಬಿಗೆ ಹೋಗಬೇಕು. ಜುಲೈ ತಿಂಗಳಲ್ಲಿ ರಾತ್ರಿಯಿಡೀ ಟ್ರೇಯಲ್ಲಿ ಬಿಟ್ಟರೆ ಬೆಳಿಗ್ಗೆ ಕೈಗೆ ಹಸಿಹಸಿ ಅನ್ನಿಸುತ್ತದೆ. ಹುರಿದದ್ದರಿಂದ ಸಿಕ್ಕ ಶುಚಿ ಅಲ್ಲಿಗೆ ಮುಗಿಯಿತು.

ಕೊಕ್ಕೊ ಪುಡಿ ಯಾಕಲ್ಲ ಎಂದು ಕೇಳುವವರಿಗೆ: ಪುಡಿ ಕರಗುವುದಿಲ್ಲ, ತೇಲಿ ಆಮೇಲೆ ತಳ ಸೇರುತ್ತದೆ. ಅಂಗಡಿಯ ಚಾಕೊಲೇಟ್ ಬಾರ್ ಇನ್ನೂ ಕೆಟ್ಟದ್ದು, ಅದರ ಕೊಬ್ಬು ನೊರೆಯನ್ನು ಕೊಲ್ಲುತ್ತದೆ. ನಿಬ್ಸ್‌ನಲ್ಲೂ ಅರ್ಧ ತೂಕ ಕೊಕ್ಕೊ ಬೆಣ್ಣೆಯೇ, ಆದರೆ ತಣ್ಣನೆಯ ಬೀರಿನಲ್ಲಿ ಅದು ಗಟ್ಟಿಯಾಗಿ ನಿಬ್ಸ್ ಒಳಗೇ ಉಳಿಯುತ್ತದೆ. ಬಿಸಿ ವರ್ಟ್‌ಗೆ (ಹುದುಗುವ ಮುಂಚಿನ ಸಿಹಿ ಮಾಲ್ಟ್ ನೀರು) ನಿಬ್ಸ್ ಹಾಕದಿರುವುದಕ್ಕೂ ಇದೇ ಕಾರಣ.

ವೆನಿಲ್ಲಾ

2000ದ ದಶಕದ ಆರಂಭದಲ್ಲಿ ಈ ಕಡೆಯ ಎಷ್ಟೋ ತೋಟಗಳಿಗೆ ವೆನಿಲ್ಲಾ ಬಳ್ಳಿ ಹತ್ತಿತ್ತು. ದರ ಕುಸಿದ ಮೇಲೆ ಹೆಚ್ಚಿನವರು ಕಿತ್ತರು. ಈಗಲೂ ಸಂಸ್ಕರಿಸಿದ ಬೀನ್ಸ್ ಕೊಡುವವರು ಸಿಕ್ಕರೆ ಅಲ್ಲೇ ಕೂತು ಒಂದೊಂದನ್ನೂ ನೋಡಿ ತೆಗೆದುಕೊಳ್ಳಿ. ಹಸಿ ಕೋಡು ಐದಾರು ಕಿಲೋ ಸೇರಿ ಒಂದು ಕಿಲೋ ಬೀನ್ಸ್ ಆಗುವ ವಸ್ತು ಇದು. ಬಿಸಿ ನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ಆಮೇಲೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮಾಗಿಸಿದರೆ ಮಾತ್ರ ಪರಿಮಳ. ಒಳ್ಳೆಯ ಬೀನ್ ಕಡು ಕಂದು, ಎಣ್ಣೆ ಹೊಳಪು, ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳುತ್ತದೆ. ಮೇಲೆ ಬಿಳಿ ಕಂಡರೆ ಗಾಬರಿ ಬೇಡ, ಬಿಸಿಲಿಗೆ ಹಿಡಿಯಿರಿ. ಸೂಜಿಯ ಹಾಗೆ ಮಿನುಗಿದರೆ ವೆನಿಲಿನ್ ಹರಳು, ಒಳ್ಳೆಯ ಮಾಲು. ಮಂಕಾಗಿ ಹತ್ತಿಯ ಹಾಗಿದ್ದರೆ ಬೂಸ್ಟು, ಆ ಇಡೀ ಕಟ್ಟೇ ಬೇಡ. ಬಟರ್ ಪೇಪರಿನಲ್ಲಿ ಸುತ್ತಿ ಗಾಜಿನ ಭರಣಿಯಲ್ಲಿ ಇಡಿ, ಫ್ರಿಜ್ಜಿಗೆ ಹಾಕಬೇಡಿ.

ಗ್ಲಾಸಿನ ಕೆಲಸ

ಮೊದಲ ಸುತ್ತು ನಿಬ್ಸ್‌ಗೆ. ಬಿಗಿ ಮುಚ್ಚಳದ 500 ಮಿಲಿ ಬಾಟಲಿಗಳಲ್ಲಿ ಮೂಲ ಬೀರ್ ತುಂಬಿ 2, 4, 6 ಗ್ರಾಂ ನಿಬ್ಸ್, ಅಂದರೆ ಲೀಟರಿಗೆ 4, 8, 12 ಗ್ರಾಂ. ಒಂದು ಬಾಟಲಿ ಏನೂ ಸೇರಿಸದ ಬೀರ್. 12 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಬಟ್ಟೆಯಲ್ಲಿ ಸೋಸಿದ್ದು. 4 ಗ್ರಾಂನದ್ದು ಮೂಗಿಗೆ ಬಂತು, ಬಾಯಲ್ಲಿ ಕಾಣಲಿಲ್ಲ. 12ರಲ್ಲಿ ಪರಿಮಳ ಜೋರು, ಆದರೆ ನುಂಗಿದ ಮೇಲೆ ಒಸಡು ಒಣಗಿದ ಹಾಗೆ, ಎಳೆ ಅಡಿಕೆ ಜಗಿದಾಗಿನ ಒಗರು. 8ಕ್ಕೆ ನಿಂತದ್ದು.

ಎರಡನೇ ಸುತ್ತು ವೆನಿಲ್ಲಾಕ್ಕೆ, 8 ಗ್ರಾಂ ನಿಬ್ಸ್‌ನ ಬೀರಿನ ಮೇಲೆಯೇ. ಈ ಅನುಕ್ರಮ ತಿರುಗಿಸಬಾರದು. ವೆನಿಲ್ಲಾ ಇದ್ದರೆ ಬೀರ್ ಇರುವುದಕ್ಕಿಂತ ಸಿಹಿ ಅನ್ನಿಸಿ ನಿಬ್ಸ್‌ನ ಒಗರು ಮರೆಯಾಗುತ್ತದೆ, ನಿಬ್ಸ್ ಅಳತೆ ಜಾಸ್ತಿ ಹೋಗುತ್ತದೆ. ಜೊತೆಗೆ, ಬಾಯಿಗೆ ಪರಿಚಯ ಇರುವ ಅಂಗಡಿ ಚಾಕೊಲೇಟುಗಳಲ್ಲಿ ಹೆಚ್ಚಿನವಕ್ಕೆ ವೆನಿಲ್ಲಾ ಸುವಾಸನೆ ಇರುವುದರಿಂದ, ಚಿಟಿಕೆ ವೆನಿಲ್ಲಾ ಬಿದ್ದ ಕೂಡಲೇ ಅದೇ ಬೀರ್ ಹೆಚ್ಚು ಚಾಕೊಲೇಟ್ ಅನ್ನಿಸುತ್ತದೆ.

ಅಳತೆಗೆ ಅರ್ಕ ಬೇಕು: 10 ಗ್ರಾಂ ಬೀನ್ಸ್ ಸೀಳಿ, ಕತ್ತರಿಸಿ, 100 ಮಿಲಿ ವೋಡ್ಕಾದಲ್ಲಿ ಎರಡು ವಾರ, ದಿನಕ್ಕೊಮ್ಮೆ ಕುಲುಕಿ. 1 ಮಿಲಿ ಅರ್ಕ ಅಂದರೆ 0.1 ಗ್ರಾಂ ಬೀನ್ಸ್. 200 ಮಿಲಿ ಬೀರಿಗೆ 0.4, 0.8, 1.2, 1.6 ಮಿಲಿ ಹಾಕಿದರೆ ಲೀಟರಿಗೆ 0.2, 0.4, 0.6, 0.8 ಗ್ರಾಂ ಆಯಿತು. ಅಳೆಯಲು ಇನ್ಸುಲಿನ್ ಸಿರಿಂಜು ಸರಿ, ಆದರೆ ಮೆಡಿಕಲ್ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಕಿತ್ತಳೆ ಮುಚ್ಚಳದ ಯು-100ರಲ್ಲಿ 40ರ ಗೆರೆ ಅಂದರೆ 0.4 ಮಿಲಿ, ಕೆಂಪು ಮುಚ್ಚಳದ ಯು-40ರಲ್ಲಿ ಅದೇ 40ರ ಗೆರೆ ಪೂರ್ತಿ 1 ಮಿಲಿ. ಇದು ಅದಲು ಬದಲಾದರೆ ಎರಡೂವರೆ ಪಟ್ಟು ತಪ್ಪು. ಇನ್ನೊಂದು, 1.6 ಮಿಲಿ ವೋಡ್ಕಾ 200 ಮಿಲಿ ಬೀರಿಗೆ ಬಿದ್ದರೆ ಆಲ್ಕೋಹಾಲ್ ಶೇ 0.3ರಷ್ಟು ಏರುತ್ತದೆ. ಎಲ್ಲ ಗ್ಲಾಸಿಗೂ ಸಾದಾ ವೋಡ್ಕಾ ಹಾಕಿ 1.6 ಮಿಲಿಗೆ ಸರಿದೂಗಿಸಬೇಕು, ವೆನಿಲ್ಲಾ ಹಾಕದ ಬೀರಿನ ಗ್ಲಾಸಿಗೂ.

ಬೀರ್ 10–12 ಡಿಗ್ರಿ ಇರಬೇಕು. ಫ್ರಿಜ್ಜಿನಿಂದ ತೆಗೆದ 4 ಡಿಗ್ರಿಯ ಬೀರಿನಲ್ಲಿ ವೆನಿಲ್ಲಾ ಮಲಗಿರುತ್ತದೆ, ಸಾಲದೆಂದು ಇನ್ನಷ್ಟು ಹಾಕಿಬಿಡುತ್ತೀರಿ. ಮಂಗಳೂರಿನ ಏಪ್ರಿಲ್ ಸೆಕೆಗೆ ಗ್ಲಾಸು ಮೇಜಿನ ಮೇಲೆ ಬೆಚ್ಚಗಾಗುತ್ತಾ ಹೋದ ಹಾಗೆ ಅದು ಎದ್ದು ಕೂರುತ್ತದೆ. ಬಾಯಿ ಸಣ್ಣದಿರುವ ವೈನ್ ಗ್ಲಾಸು ಒಳ್ಳೆಯದು, ಮೂರನೇ ಒಂದು ಭಾಗ ತುಂಬಿ. ಊಟಕ್ಕೆ ಮುಂಚೆ ಮಾಡಿ. ಘೀ ರೋಸ್ಟ್ ತಿಂದು ಬಂದ ನಾಲಿಗೆಗೆ ಒಗರೂ ಗೊತ್ತಾಗುವುದಿಲ್ಲ, ಕಹಿಯೂ ಗೊತ್ತಾಗುವುದಿಲ್ಲ. ಬೀಡ ಹಾಕಿದವರನ್ನು ಆ ದಿನ ಸೇರಿಸಿಕೊಳ್ಳಬೇಡಿ. ನಡುನಡುವೆ ನೀರು, ಬೇಕಿದ್ದರೆ ಸಪ್ಪೆ ನೀರುದೋಸೆಯ ತುಂಡು.

ಮೊದಲು ಮೂಸಿ ಬರೆಯಿರಿ, ಆಮೇಲೆ ಗುಟುಕು, ನುಂಗಿ ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ಬರೆಯಿರಿ. 0.2ರಲ್ಲಿ ವೆನಿಲ್ಲಾ ಎಂದು ಯಾರೂ ಹೇಳಲಿಲ್ಲ, ಬೀರ್ ಮಾತ್ರ ದುಂಡಗಾಗಿತ್ತು. 0.4ರಲ್ಲಿ ಹಾಲು ಚಾಕೊಲೇಟ್. 0.6ಕ್ಕೆ ಬಂದ ಮೊದಲ ಮಾತು ‘ಐಸ್‌ಕ್ರೀಮ್’. ಗಡ್‌ಬಡ್ ಐಸ್‌ಕ್ರೀಮ್ ತಿಂದು ಬೆಳೆದ ಊರಿನಲ್ಲಿ ಈ ಮಾತು ಬಂದರೆ ಅಳತೆ ಮೀರಿದೆ ಎಂದೇ ಲೆಕ್ಕ. 0.8 ಬೇಕರಿ ಎಸೆನ್ಸ್.

ಉತ್ತರ 0.2 ಮತ್ತು 0.4ರ ನಡುವೆ ಎಲ್ಲೋ ಇತ್ತು. 0.3 ಮತ್ತು 0.4ರ ನಡುವೆ ತ್ರಿಕೋನ ಪರೀಕ್ಷೆ: ಮೂರು ಗ್ಲಾಸು, ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ, ಹಾಗಾಗಿ ಆರು ಜನರಲ್ಲಿ ಐವರಾದರೂ, ಹನ್ನೆರಡರಲ್ಲಿ ಎಂಟು ಜನರಾದರೂ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜ ಎನ್ನಬಹುದು. ಆರರಲ್ಲಿ ಮೂವರು ಸರಿ ಹೇಳಿದರು. ವ್ಯತ್ಯಾಸ ಸಾಬೀತಾಗಲಿಲ್ಲ, ಆದ್ದರಿಂದ ಅಗ್ಗದ 0.3.

ಟ್ಯಾಂಕ್

ಯೀಸ್ಟ್ ತೆಗೆದ ಮೇಲೆ ಉಳಿದದ್ದು 470 ಲೀಟರ್. ಅದರಲ್ಲಿ 70 ಲೀಟರನ್ನು ಏನೂ ಸೇರಿಸದೆ ಕೆಗ್‌ಗೆ ತುಂಬಿ ತಣ್ಣಗೆ ಇಟ್ಟದ್ದು. ಇದು ಈ ಕೆಲಸದ ಇನ್ಶೂರೆನ್ಸ್: 400 ಲೀಟರಿನಲ್ಲಿ ಏನು ಅತಿಯಾದರೂ ಇದನ್ನು ಬೆರೆಸಿ ಶೇ 15ರಷ್ಟು ಇಳಿಸಬಹುದು.

400 ಲೀಟರಿಗೆ ನಿಬ್ಸ್ 3.2 ಕಿಲೋ, 800 ಗ್ರಾಂನಂತೆ ನಾಲ್ಕು ನೈಲಾನ್ ಬಲೆ ಚೀಲ, ಪ್ರತಿಯೊಂದರಲ್ಲೂ ಸ್ಟೀಲ್ ತೂಕ, ಇಲ್ಲದಿದ್ದರೆ ಮೊದಲ ದಿನ ತೇಲುತ್ತವೆ. ಚೀಲ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ನಡುವಿನ ನಿಬ್ಸ್‌ಗೆ ಬೀರ್ ತಾಗುವುದಿಲ್ಲ. ಗ್ಯಾಸ್ ತುಂಬಿದ ಬೀರಿಗೆ ಒಣ ನಿಬ್ಸ್ ಬಿದ್ದರೆ ನೊರೆ ಮ್ಯಾನ್‌ಹೋಲಿನಿಂದ ಉಕ್ಕಿ ನೆಲಕ್ಕೆ ಬರುತ್ತದೆ. ಕಾರ್ಬೊನೇಶನ್‌ಗೆ ಮೊದಲೇ, ಒತ್ತಡವನ್ನು ನಿಧಾನ ಇಳಿಸಿ, ಒಂದೊಂದೇ ಚೀಲ ಬಿಡಬೇಕು. ಮುಚ್ಚಿದ ಮೇಲೆ ಕಾರ್ಬನ್ ಡೈಆಕ್ಸೈಡ್ ತುಂಬಿ ಬಿಡುವುದನ್ನು ಮೂರ್ನಾಲ್ಕು ಸಲ ಮಾಡಿ ಗಾಳಿ ಹೊರಹಾಕಿ.

12 ಡಿಗ್ರಿಯಲ್ಲಿ ನಾಲ್ಕು ದಿನ. ಕರೆಂಟ್ ಹೋಗಿ ಚಿಲ್ಲರ್ ನಿಂತು ಟ್ಯಾಂಕ್ ಬೆಚ್ಚಗಾದರೆ ದಿನದ ಲೆಕ್ಕ ಬಿಟ್ಟು ನಾಲಿಗೆಯ ಲೆಕ್ಕ ಹಿಡಿಯಿರಿ, ಬೆಚ್ಚಗಿದ್ದಷ್ಟೂ ಒಗರು ಬೇಗ ಇಳಿಯುತ್ತದೆ. ನಿಬ್ಸ್ ಹೊರ ತೆಗೆದ ಮೇಲೆಯೇ ವೆನಿಲ್ಲಾ.

ಟ್ಯಾಂಕಿಗೆ ವೋಡ್ಕಾ ಅರ್ಕ ಸುರಿಯಲಿಲ್ಲ. ಬೇರೆ ಸ್ಪಿರಿಟ್ ಬೆರೆಸುವ ಮೊದಲು ಪರವಾನಗಿಯ ಷರತ್ತು ಓದಬೇಕು. 120 ಗ್ರಾಂ ಬೀನ್ಸನ್ನು ಉದ್ದಕ್ಕೆ ಸೀಳಿ ಎರಡು ಸೆಂಟಿಮೀಟರಿನ ತುಂಡು ಮಾಡಿ, ಕುದಿಸಿ 80 ಡಿಗ್ರಿಗೆ ಇಳಿಸಿದ ಒಂದು ಲೀಟರ್ ನೀರಿನಲ್ಲಿ ಮುಚ್ಚಿ ಅರ್ಧ ಗಂಟೆ. ಶುಚಿಯೂ ಆಯಿತು, ವೆನಿಲಿನ್ ಬಿಸಿ ನೀರಿಗೆ ಚೆನ್ನಾಗಿ ಇಳಿಯುವುದರಿಂದ ಅರ್ಧ ಕೆಲಸವೂ ಆಯಿತು. ತಣಿದ ಮೇಲೆ ನೀರು, ಚೀಲದಲ್ಲಿ ಬೀನ್ಸ್, ಎರಡೂ ಟ್ಯಾಂಕಿಗೆ.

ಇಲ್ಲಿಂದ ದಿನವೂ ಸಾಕ್ಷಿ ಗ್ಲಾಸಿನ ಜತೆ ಹೋಲಿಕೆ: ತೆಗೆದಿಟ್ಟ ಸಾದಾ ಬೀರಿನಲ್ಲಿ ಪರೀಕ್ಷೆಯ ನಿಬ್ಸ್ ಬಾಟಲಿ ಒಂದನ್ನು ಮಾಡಿಟ್ಟು, 200 ಮಿಲಿಗೆ 0.6 ಮಿಲಿ ಅರ್ಕ ಹಾಕಿ ಟ್ಯಾಂಕಿನ ಮಾದರಿಯ ಪಕ್ಕ ಇಡುವುದು. ಎರಡನೇ ದಿನ ಟ್ಯಾಂಕಿನದ್ದು ಹಿಂದಿತ್ತು. ನಾಲ್ಕನೇ ದಿನ ಎರಡೂ ಒಂದೇ ಸಮ, ಚೀಲ ಹೊರಗೆ. ನೆನಪಿನ ಮೇಲೆ ಹೋಲಿಸಿದ್ದರೆ ಎರಡನೇ ದಿನವೇ ಇನ್ನೊಂದು ಹಿಡಿ ಬೀನ್ಸ್ ಬೀಳುತ್ತಿತ್ತು.

ಕೆಟ್ಟರೆ

ಹುಳಿ ವಾಸನೆ ಬಂದರೆ ಕೂಡಲೇ ಚರಂಡಿಗೆ ಬಿಡಬೇಡಿ, ಪಿಹೆಚ್ ಅಳೆಯಿರಿ. ಮೊದಲು ಬರೆದಿಟ್ಟ 4.4ರ ಆಸುಪಾಸಿನಲ್ಲೇ ದಿನವೂ ನಿಂತಿದ್ದರೆ ಕಡಿಮೆ ಹುರಿದ ಬೀಜದ ವಿನೆಗರ್ ಇರಬಹುದು, ಬೆರೆಸಿ ತಗ್ಗಿಸಬಹುದು. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸೋಂಕು, ಬೇರೆ ದಾರಿಯಿಲ್ಲ. ಒಗರು ಹೆಚ್ಚಾದರೆ ವೆನಿಲ್ಲಾದಿಂದ ಮುಚ್ಚುವ ಆಸೆ ಹುಟ್ಟುತ್ತದೆ. ಮುಚ್ಚುವುದು ಮೊದಲ ಗುಟುಕಿಗೆ ಮಾತ್ರ, ಗ್ಲಾಸಿನ ಕೊನೆಗೆ ಎರಡೂ ಸಿಗುತ್ತವೆ. ಸಾದಾ ಬೀರ್ ಬೆರೆಸಿ. ವೆನಿಲ್ಲಾ ಅತಿಯಾಗಿದ್ದರೆ ಮೊದಲು ಎರಡು ವಾರ ತಣ್ಣಗೆ ಬಿಟ್ಟು ನೋಡಿ, ತುಸು ಇಳಿಯುತ್ತದೆ. ನೊರೆ ಸುರಿದ ಕೂಡಲೇ ಸತ್ತರೆ ಮೊದಲು ಗ್ಲಾಸು ಅನುಮಾನಿಸಿ: ಹಸಿ ಬಟ್ಟೆಯಲ್ಲಿ ಒರೆಸಿದ ಜಿಡ್ಡು ಇರಬಹುದು. ಬೇರೆ ಶುಚಿ ಗ್ಲಾಸಿನಲ್ಲೂ ಹಾಗೇ ಆದರೆ ಮಾತ್ರ ಕೊಕ್ಕೊ ಬೆಣ್ಣೆ.

ಕಾರ್ಬೊನೇಶನ್ 2.2 ವಾಲ್ಯೂಮ್ (ಒಂದು ಲೀಟರ್ ಬೀರಿನಲ್ಲಿ ಕರಗಿದ 2.2 ಲೀಟರ್ ಗ್ಯಾಸ್), ಅದಕ್ಕಿಂತ ಹೆಚ್ಚು ಗ್ಯಾಸ್ ಇದ್ದರೆ ಹುರಿದ ಕಹಿ ಚುಚ್ಚುತ್ತದೆ. ನಲ್ಲಿಯಿಂದ 8 ಡಿಗ್ರಿಗೆ ಬರಲಿ, ಕೈಯಲ್ಲಿದ್ದಂತೆ ಹದಕ್ಕೆ ಬರುತ್ತದೆ. ಜೊತೆಗೆ ಖಾರ ಸುಕ್ಕ ಹೊಂದುವುದಿಲ್ಲ, ಬಾಳೆಹಣ್ಣಿನ ಹಲ್ವ ಹೊಂದುತ್ತದೆ. ಈ ಬೀರ್ ಓಡಿದ ಪೈಪು, ಗ್ಯಾಸ್ಕೆಟ್‌ಗಳಲ್ಲಿ ವೆನಿಲ್ಲಾ ಕಾಸ್ಟಿಕ್ ತೊಳೆತಕ್ಕೂ ಪೂರ್ತಿ ಬಿಡುವುದಿಲ್ಲ. ಅದೇ ಲೈನಿಗೆ ಲಾಗರ್ ಹಾಕಿದರೆ ಮೊದಲ ಗ್ಲಾಸಿನಲ್ಲೇ ದೂರು ಬರುತ್ತದೆ. ರಬ್ಬರ್ ವಾಷರು, ಬೀರ್ ಪೈಪು ಬದಲಿಸಿ, ಹಳೆಯದಕ್ಕೆ ಪೋರ್ಟರ್ ಎಂದು ಚೀಟಿ ಕಟ್ಟಿ ಮುಂದಿನ ಬ್ಯಾಚಿಗೆ ಇಟ್ಟುಕೊಳ್ಳಿ.